‘ಬೇರೆಯಾಗಿದ್ದಾರೆ’ ಎಂದು ಬರೆದರೆ ಯಾವ ಬೇರೆ? ಸವಲತ್ತಿನ ಅರ್ಜಿಗಳ ಒಂದು ಪದದ ಕುರಿತು

ಮಾನ್ಯರೇ,

ಗಂಡನಿಂದ ದೂರವಾಗಿ ಬದುಕುತ್ತಿರುವ ಮಹಿಳೆಗೆ ಪಡಿತರ, ಗೃಹಲಕ್ಷ್ಮಿ ಹಣ, ಮಾಸಾಶನ ಮತ್ತು ಜೀವನಾಂಶಗಳಲ್ಲಿ ಏನು ಸಿಗುತ್ತದೆ, ಏನು ನಿಲ್ಲುತ್ತದೆ ಎಂಬುದನ್ನು ತಿಳಿಸುವ ಸಣ್ಣ ಕೈಪಿಡಿಯೊಂದನ್ನು ಆಳಂದ, ಚಿಂಚೋಳಿ, ಸೇಡಂ ಕಡೆಯ ಓದುಗರಿಗಾಗಿ ಬರೆಯುತ್ತಿದ್ದೇನೆ. ಆ ಮಹಿಳೆಯ ಸ್ಥಿತಿಯನ್ನು ಯಾವ ಪದದಿಂದ ಹೇಳಬೇಕು ಎಂಬಲ್ಲಿ ಬರವಣಿಗೆ ನಿಂತಿದೆ. ‘ಬೇರೆಯಾದವಳು’, ‘ಬೇರ್ಪಟ್ಟವಳು’, ‘ಪರಿತ್ಯಕ್ತೆ’, ‘ವಿಚ್ಛೇದಿತೆ’, ‘ಒಂಟಿ ಮಹಿಳೆ’ ಎಂಬ ಐದೂ ಪದಗಳು ಒಂದಲ್ಲ ಒಂದು ಕಡೆ ಬಳಕೆಯಲ್ಲಿವೆ. ಇವು ಸಮಾನಾರ್ಥಕಗಳಲ್ಲ, ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದರೆ ಹಣವೇ ಕೈತಪ್ಪುವ ಸಂದರ್ಭಗಳಿವೆ. ಆದ್ದರಿಂದ ಬಲ್ಲವರ ಅಭಿಪ್ರಾಯ ಕೇಳುತ್ತಿದ್ದೇನೆ.

ಮೊದಲಿಗೆ ‘ಬೇರೆ’ ಎಂಬ ಪದ. ಕಲಬುರಗಿ, ಬೀದರ್ ಸೀಮೆಯ ಆಡುಮಾತಿನಲ್ಲಿ ‘ಅವರು ಬ್ಯಾರಿ ಆಗ್ಯಾರ’ ಎಂದರೆ ಕೇಳಿದವರ ಮನಸ್ಸಿಗೆ ಮೊದಲು ಬರುವುದು ಗಂಡ ಹೆಂಡಿರ ಅಗಲಿಕೆಯಲ್ಲ. ಅಣ್ಣತಮ್ಮಂದಿರು ಹೊಲಮನೆ ಹಂಚಿಕೊಂಡರೆಂದೋ, ಮಗ ಸೊಸೆ ಒಲೆ ಬೇರೆ ಹೂಡಿದರೆಂದೋ ಅವರು ತಿಳಿಯುತ್ತಾರೆ. ದಾಂಪತ್ಯ ಮುರಿದದ್ದನ್ನು ಹೇಳುವಾಗ ‘ಗಂಡ ಬಿಟ್ಟಾನ’, ‘ಅಕಿ ತವರಮನ್ಯಾಗ ಅದಾಳ’ ಎನ್ನುತ್ತಾರೆ. ಹಿರಿಯರ ಮುಂದೆ ಬಿಡುಗಡೆಯ ಕಾಗದವಾಗಿದ್ದರೆ ‘ಸೋಡಚೀಟಿ ಆಗ್ಯಾದ’ ಎನ್ನುತ್ತಾರೆ. ಹೀಗಿರುವಾಗ ಕೈಪಿಡಿಯಲ್ಲಿ ‘ನೀವು ಬೇರೆಯಾಗಿದ್ದರೆ’ ಎಂದು ಬರೆದರೆ, ಅತ್ತೆಯಿಂದ ಬೇರೆ ಒಲೆ ಹೂಡಿ ಗಂಡನೊಂದಿಗೇ ಇರುವ ಸೊಸೆಯೂ ಅದು ತನಗೇ ಹೇಳಿದ ಮಾತೆಂದು ಓದುತ್ತಾಳೆ.

ವಿಚಿತ್ರವೆಂದರೆ, ಪಡಿತರ ಚೀಟಿಯ ಮಟ್ಟಿಗೆ ಅವಳ ಓದೇ ಸರಿ. ಚೀಟಿಯ ಲೆಕ್ಕದಲ್ಲಿ ಕುಟುಂಬವೆಂದರೆ ಒಂದೇ ಚೀಟಿಯಲ್ಲಿ ಹೆಸರಿರುವವರು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 13ನೆಯ ಕಲಮು ಹದಿನೆಂಟು ತುಂಬಿದ ಹಿರಿಯ ಮಹಿಳೆಯನ್ನೇ ಕುಟುಂಬದ ಮುಖ್ಯಸ್ಥೆಯೆಂದು ಹೇಳುತ್ತದೆ. 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿಯ ತಿಂಗಳಿಗೆ 2,000 ರೂಪಾಯಿ ಚೀಟಿಯಲ್ಲಿ ಯಜಮಾನಿ ಎಂದು ದಾಖಲಾದ ಒಬ್ಬಳಿಗೆ ಸೇರುತ್ತದೆ. ಗಂಡನ ಮನೆಯಲ್ಲಿ ಅತ್ತೆ ಯಜಮಾನಿಯಾಗಿದ್ದರೆ, ತವರಿಗೆ ಬಂದ ಸೊಸೆಗೆ ಮೊದಲೂ ಆ ಹಣವಿರಲಿಲ್ಲ, ಈಗಲೂ ಇಲ್ಲ. ತವರಿನ ಚೀಟಿಗೆ ಹೆಸರು ಸೇರಿಸಿದರೆ ಅಲ್ಲಿ ತಾಯಿ ಯಜಮಾನಿ. ಅವಳೇ ಯಜಮಾನಿಯಾಗಿದ್ದು ಮನೆ ಬಿಟ್ಟು ಬಂದಿದ್ದರೆ, ಚೀಟಿ ಬದಲಾಗುವವರೆಗೆ ಹಣ ಅವಳ ಖಾತೆಗೆ, ಅಕ್ಕಿ ಗಂಡನ ಮನೆಗೆ ಎಂಬಂಥ ಸ್ಥಿತಿಯೂ ಉಂಟಾಗಬಹುದು. ಒಬ್ಬರ ಹೆಸರು ಎರಡು ಚೀಟಿಗಳಲ್ಲಿ ಇರುವಂತಿಲ್ಲವಾದ್ದರಿಂದ, ಹಳೆಯ ಚೀಟಿಯಿಂದ ಹೆಸರು ತೆಗೆಸದೆ ಹೊಸದರಲ್ಲಿ ಸೇರಿಸಲು ಬರುವುದಿಲ್ಲ. ಇಲ್ಲಿ ನಡೆಯುವುದೆಲ್ಲ ಚೀಟಿಯ ವಿಭಜನೆ. ಮದುವೆ ಇದೆಯೋ ಮುರಿದಿದೆಯೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಇದಕ್ಕೆ ಜನರೇ ಬಳಸುವ ‘ಕಾರ್ಡ್ ಬೇರೆ ಮಾಡಿಸುವುದು’ ಎಂಬ ಮಾತನ್ನು ಹಾಗೆಯೇ ಇಟ್ಟುಕೊಳ್ಳಬೇಕೆಂದಿದ್ದೇನೆ. ‘ಪಡಿತರ ಕುಟುಂಬ ವಿಂಗಡಣೆ’ ಎಂದು ಬರೆದರೆ ಅರ್ಥವಾಗಲು ಮತ್ತೊಂದು ಕೈಪಿಡಿ ಬೇಕಾದೀತು.

ಆದರೆ ಅದೇ ಗೃಹಲಕ್ಷ್ಮಿಯ ನಿಯಮದಲ್ಲಿ ಇನ್ನೊಂದು ಪದವಿದೆ: ‘ಪತಿ’. ಯಜಮಾನಿ ಅಥವಾ ಆಕೆಯ ಪತಿ ಆದಾಯ ತೆರಿಗೆ ಪಾವತಿಸುವವರಾಗಿದ್ದರೆ, ಇಲ್ಲವೇ ಜಿಎಸ್‌ಟಿ ವಿವರ ಸಲ್ಲಿಸುವವರಾಗಿದ್ದರೆ, ಆ ಮಹಿಳೆ ಅರ್ಹಳಲ್ಲ. ಚೀಟಿ ಬೇರೆಯಾಗಿದೆ, ವರ್ಷಗಳಿಂದ ಮುಖ ನೋಡಿಲ್ಲ, ಅವನಿಂದ ಒಂದು ರೂಪಾಯಿಯೂ ಬರುತ್ತಿಲ್ಲ. ಆದರೂ ನ್ಯಾಯಾಲಯದಿಂದ ವಿಚ್ಛೇದನದ ಡಿಕ್ರಿ, ಅಂದರೆ ತೀರ್ಪಿನ ಆದೇಶ, ಆಗುವವರೆಗೆ ಅವನು ಕಾನೂನಿನ ಕಣ್ಣಿಗೆ ಪತಿಯೇ. ಒಂದೇ ಯೋಜನೆಯೊಳಗೆ ‘ಯಜಮಾನಿ’ ಎಂಬ ಪದ ಒಲೆಯನ್ನು ನೋಡುತ್ತದೆ, ‘ಪತಿ’ ಎಂಬ ಪದ ಮದುವೆಯನ್ನು ನೋಡುತ್ತದೆ. ನನ್ನ ಪ್ರಶ್ನೆಯ ಬೇರು ಇಲ್ಲಿದೆ. ಪಿಎಂ ಕಿಸಾನ್ ಯೋಜನೆಯ ವ್ಯಾಖ್ಯೆಯೂ ಇಂಥದ್ದೇ: ವರ್ಷಕ್ಕೆ 6,000 ರೂಪಾಯಿ ಪಡೆಯುವ ರೈತ ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಅಪ್ರಾಪ್ತ ವಯಸ್ಸಿನ ಮಕ್ಕಳು ಎಂದಷ್ಟೇ ಅದು ಹೇಳುತ್ತದೆ, ತನ್ನ ಹೆಸರಿನ ಎರಡು ಎಕರೆ ತೊಗರಿ ಹೊಲವನ್ನು ನಂಬಿ ಬೇರೆ ಇರುವ ಹೆಂಡತಿಯ ಬಗ್ಗೆ ಆ ವ್ಯಾಖ್ಯೆಯಲ್ಲಿ ಮಾತಿಲ್ಲ.

‘ವಿಚ್ಛೇದಿತೆ’ ಎಂಬ ಪದಕ್ಕೆ ಬರುತ್ತೇನೆ. ರಾಜ್ಯದ ಮನಸ್ವಿನಿ ಯೋಜನೆ ಬಡತನ ರೇಖೆಗಿಂತ ಕೆಳಗಿರುವ, 40ರಿಂದ 64 ವರ್ಷದೊಳಗಿನ ಅವಿವಾಹಿತ ಮತ್ತು ವಿಚ್ಛೇದಿತ ಮಹಿಳೆಯರಿಗೆ ಮಾಸಾಶನ ಕೊಡುತ್ತದೆ. 2021ರಲ್ಲಿ ಮೊತ್ತ 600ರಿಂದ 800 ರೂಪಾಯಿಗೆ ಏರಿತು. ಇಲ್ಲಿ ವಿಚ್ಛೇದಿತ ಎಂಬುದು ಕಾನೂನಿನ ಪದ. ಹಿರಿಯರ ಮುಂದೆ ಬಾಂಡ್ ಕಾಗದದ ಮೇಲೆ ಬರೆಸಿಕೊಂಡ ಸೋಡಚೀಟಿಯನ್ನು ಊರು ಒಪ್ಪಿರಬಹುದು. 1955ರ ಹಿಂದೂ ವಿವಾಹ ಕಾಯ್ದೆಯ 29(2)ನೆಯ ಕಲಮು ರೂಢಿಯಿಂದ ಬಂದ ವಿಚ್ಛೇದನದ ಹಕ್ಕನ್ನು ಉಳಿಸಿದೆ ಎಂಬುದೂ ನಿಜ; ಆದರೆ ತಮ್ಮ ಸಮುದಾಯದಲ್ಲಿ ಅಂಥ ರೂಢಿಯಿದೆ ಎಂದು ಹೇಳುವವರೇ ಅದನ್ನು ಸಾಬೀತುಪಡಿಸಬೇಕು. ಅಂದಮೇಲೆ ‘ಸೋಡಚೀಟಿ’ಗೆ ‘ವಿಚ್ಛೇದನ ಪತ್ರ’ ಎಂದು ಸಲೀಸಾಗಿ ಸಂಸ್ಕೃತ ಪದ ತೊಡಿಸುವುದು ಓದುಗರಿಗೆ ಮಾಡುವ ಮೋಸವೆಂದು ನನಗನ್ನಿಸುತ್ತದೆ. ಸೋಡಚೀಟಿಯನ್ನು ಸೋಡಚೀಟಿ ಎಂದೇ ಕರೆದು, ಅದು ಡಿಕ್ರಿಯಲ್ಲ ಎಂದು ಪಕ್ಕದಲ್ಲೇ ಬರೆಯುವುದು ಲೇಸು. ಗಂಡ ಬದುಕಿರುವುದರಿಂದ ವಿಧವಾ ವೇತನದ ದಾರಿಯೂ ಇವರಿಗಿಲ್ಲ. ಏಳು ವರ್ಷ ಸುಳಿವೇ ಇಲ್ಲದವನನ್ನು ಸತ್ತವನೆಂದು ಭಾವಿಸಲು ಸಾಕ್ಷ್ಯ ಕಾನೂನು ಅವಕಾಶ ಕೊಡುತ್ತದೆ. ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇನ್ನೊಂದು ಸಂಸಾರ ಹೂಡಿದ್ದಾನೆಂದು ಎಲ್ಲರಿಗೂ ಗೊತ್ತಿರುವವನಿಗೆ ಅದು ಅನ್ವಯಿಸದು.

ಹಾಗಾದರೆ ಬಿಡಲ್ಪಟ್ಟು ಡಿಕ್ರಿ ಇಲ್ಲದವಳು ಯಾರು? ಗ್ರಾಂಥಿಕ ಉತ್ತರ ‘ಪರಿತ್ಯಕ್ತೆ’. ಗಡಿಯಾಚೆ ಮರಾಠಿಯಲ್ಲಿ ‘ಪರಿತ್ಯಕ್ತಾ’ ಬಳಕೆಯ ಪದವೇ ಆಗಿರುವುದರಿಂದ ಬಸವಕಲ್ಯಾಣ, ಔರಾದ್ ಕಡೆಯವರಿಗೆ ಇದು ಅಪರಿಚಿತವೇನಲ್ಲ. ನನಗೆ ಇದರಲ್ಲಿ ಎರಡು ಆಕ್ಷೇಪಗಳಿವೆ. ಹೊಡೆತ ತಾಳಲಾರದೆ ತಾನೇ ಎದ್ದು ಬಂದ ಹೆಂಗಸನ್ನು ‘ತ್ಯಜಿಸಲ್ಪಟ್ಟವಳು’ ಎನ್ನುವುದು ಸುಳ್ಳು. ಪುಲ್ಲಿಂಗದಲ್ಲಿ ಈ ಪದವನ್ನು ಯಾರೂ ಬಳಸದಿರುವುದೂ ಗಮನಾರ್ಹ. ಪಕ್ಕದ ತೆಲಂಗಾಣವು 2017ರಲ್ಲಿ ತನ್ನ ಆಸರಾ ಪಿಂಚಣಿಗೆ ‘ಒಂಟರಿ ಮಹಿಳ’ ಎಂಬ ವರ್ಗವನ್ನು ಸೇರಿಸಿ, ಡಿಕ್ರಿ ಇಲ್ಲದಿದ್ದರೂ ಗಂಡನಿಂದ ಒಂದು ವರ್ಷಕ್ಕೂ ಮೇಲ್ಪಟ್ಟು ದೂರವಿರುವವರನ್ನು ಅದರೊಳಗೆ ತಂದಿತು. ತಾಂಡೂರು, ನಾರಾಯಣಪೇಟೆಗಳಲ್ಲಿ ನೆಂಟರಿರುವ ನಮ್ಮ ಸೇಡಂ, ಗುರುಮಠಕಲ್ ಕಡೆಯ ಹೆಂಗಸರು ‘ಅಲ್ಲಿ ಕೊಡ್ತಾರಂತ, ಇಲ್ಲಿ ಯಾಕ ಇಲ್ಲ’ ಎಂದು ಕೇಳುವುದು ಸಹಜ. ‘ಒಂಟಿ ಮಹಿಳೆ’ ಸೊಗಸಾದ ಪದ, ಯಾರ ಮೇಲೂ ತಪ್ಪು ಹೊರಿಸದ ಪದ. ಆದರೆ ಇದರಲ್ಲಿ ವಿಧವೆ, ಅವಿವಾಹಿತೆ ಎಲ್ಲರೂ ಸೇರಿಬಿಡುವುದರಿಂದ, ಮನಸ್ವಿನಿಯ ನಿಯಮ ವಿವರಿಸುವ ಸಾಲಿನಲ್ಲಿ ಅದನ್ನು ಬಳಸಿದರೆ ಇಲ್ಲದ ಆಸೆ ಹುಟ್ಟಿಸಿದಂತಾಗುತ್ತದೆ.

ಪದ ತಪ್ಪಿದರೆ ಅತಿ ಹೆಚ್ಚು ನಷ್ಟವಾಗುವುದು ಜೀವನಾಂಶದಲ್ಲಿ. ನಮ್ಮವರ ಮಾತಿನಲ್ಲಿ, ಪೋಟಗಿಯಲ್ಲಿ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿ ಮುಂದುವರಿದಿದೆ. ವಿಚ್ಛೇದನ ಪಡೆದು ಮರುಮದುವೆಯಾಗದ ಮಹಿಳೆಯನ್ನೂ ಅದು ‘ಹೆಂಡತಿ’ ಎಂಬ ಪದದೊಳಗೆ ಸೇರಿಸುತ್ತದೆ. ವಿಚ್ಛೇದಿತ ಮುಸ್ಲಿಂ ಮಹಿಳೆಗೂ 125ನೆಯ ಕಲಮಿನ ದಾರಿ ತೆರೆದಿದೆ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಸ್ಪಷ್ಟಪಡಿಸಿತು. ಆದರೆ ಪರಸ್ಪರ ಒಪ್ಪಿಗೆಯಿಂದ ಬೇರೆ ವಾಸಿಸುತ್ತಿರುವ ಹೆಂಡತಿಗೆ ಈ ಕಲಮಿನಡಿ ಜೀವನಾಂಶವಿಲ್ಲ ಎಂದೂ ಅದೇ ಕಲಮು ಹೇಳುತ್ತದೆ. ಪಂಚರು ಜಗಳ ತಣ್ಣಗಾಗಲೆಂದು ‘ಇಬ್ಬರೂ ರಾಜಿಖುಷಿಯಿಂದ ಬೇರೆ ಆಗಿದ್ದೇವೆ’ ಎಂದು ಬರೆಸುವ ಒಂದು ಸಾಲು, ಮುಂದೆ ಅವಳ ಅರ್ಜಿಗೆ ಎದುರಾಗಿ ನಿಲ್ಲಬಲ್ಲದು. ಕೈಪಿಡಿಯಲ್ಲಿ ಈ ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಹಾಕಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ ಎಂಬುದನ್ನು ಅದರ ಕೆಳಗೇ ಸೇರಿಸುತ್ತೇನೆ.

ಕಾನೂನು ಕನ್ನಡದಲ್ಲಿ ‘ನ್ಯಾಯಿಕ ಪ್ರತ್ಯೇಕತೆ’ ಎಂಬುದೊಂದಿದೆ: ಮದುವೆ ಉಳಿಸಿ, ಕೂಡಿ ಬಾಳುವ ಬಾಧ್ಯತೆಯನ್ನು ಮಾತ್ರ ತೆಗೆಯುವ ಡಿಕ್ರಿ. ಇದನ್ನು ಅಡಿಟಿಪ್ಪಣಿಗೆ ಬಿಡುತ್ತೇನೆ.

ಸದ್ಯಕ್ಕೆ ನಾನು ಆರಿಸಿಕೊಂಡಿರುವ ಪದಗಳು ಇವು: ಚೀಟಿಯ ಸಂದರ್ಭದಲ್ಲಿ ‘ಕಾರ್ಡ್ ಬೇರೆ’, ಡಿಕ್ರಿಯಾಗದ ದಾಂಪತ್ಯದ ಸಂದರ್ಭದಲ್ಲಿ ‘ಗಂಡನಿಂದ ದೂರ ಇರುವವರು’, ಡಿಕ್ರಿ ಆದಮೇಲೆ ಮಾತ್ರ ‘ವಿಚ್ಛೇದನ ಆದವರು’. ಎರಡನೆಯದರಲ್ಲಿ ನನಗೆ ಸಮಾಧಾನವಿಲ್ಲ. ದುಡಿಯಲು ಪುಣೆಗೆ ಹೋದವನ ಹೆಂಡತಿಯೂ ಗಂಡನಿಂದ ದೂರ ಇರುವವಳೇ. ‘ಗಂಡ ಬಿಟ್ಟಾಕಿ’ ಎಂಬುದು ಸ್ಪಷ್ಟವಾಗಿದ್ದರೂ ಬೈಗುಳದ ವಾಸನೆಯಿರುವುದರಿಂದ ಅಚ್ಚಿನಲ್ಲಿ ಬೇಡ. ಬಿಟ್ಟವರು ಯಾರು ಎಂಬುದನ್ನು ಹೇಳದೆ, ದಾಂಪತ್ಯ ನಡೆಯುತ್ತಿಲ್ಲ ಎಂಬುದನ್ನಷ್ಟೇ ಹೇಳುವ ಆಡುಮಾತು ಸುರಪುರ, ಶಹಾಪುರ, ಹುಮನಾಬಾದ್ ಕಡೆ ಯಾವುದಾದರೂ ಇದೆಯೇ? ಇದ್ದರೆ, ಅದನ್ನು ಹೆಂಗಸರು ತಮ್ಮ ಬಗ್ಗೆ ತಾವೇ ಆಡಿಕೊಳ್ಳುತ್ತಾರೆಯೇ, ಇಲ್ಲವೇ ಬೇರೆಯವರಷ್ಟೇ ಆಡುತ್ತಾರೆಯೇ ಎಂಬುದನ್ನೂ ದಯವಿಟ್ಟು ತಿಳಿಸಿ.