ಅಪ್‌ಡೇಟ್: ಅಮ್ಮನ ಕಾಲು ಉಳುಕಿದ್ದಕ್ಕೆ ಎಕ್ಸ್‌ರೇ ಬೇಕಾ ಅಂತ ಕೇಳಿದ್ದೆ

ಬಸ್ಸಿನಿಂದ ಇಳಿಯುವಾಗ ಅಮ್ಮನ ಪಾದ ಒಳಕ್ಕೆ ಹೊರಳಿ ಗಂಟು ಊದಿತ್ತಲ್ಲ, ಅದರ ಕಥೆ.

ಎಕ್ಸ್‌ರೇ ಬೇಕಾಯ್ತು. ಡಾಕ್ಟರು ಮೊದಲು ಊತ ನೋಡಲಿಲ್ಲ, ಮೂಳೆ ಒತ್ತಿ ನೋಡಿದರು: ಎರಡೂ ಬದಿಯ ಗಂಟಿನ ಹಿಂಭಾಗ, ಕಿರುಬೆರಳಿನ ಸಾಲಿನಲ್ಲಿ ಪಾದದ ನಡುವೆ ಉಬ್ಬಿರುವ ಮೂಳೆ. ಆಮೇಲೆ 4 ಹೆಜ್ಜೆ ನಡೆಯಲು ಹೇಳಿದರು. ಅಮ್ಮ ಎರಡನೆಯದಕ್ಕೇ ಗೋಡೆ ಹಿಡಿದರು. ಎಕ್ಸ್‌ರೇ ಬೇಕಾ ಅಂತ ಹೀಗೆ ತೀರ್ಮಾನಿಸೋದಕ್ಕೆ ಒಟ್ಟಾವಾ ನಿಯಮ ಅಂತಾರಂತೆ, ಕೆನಡಾದ್ದು.

ಮೂಳೆ ಮುರಿದಿಲ್ಲ. ಹೊರಬದಿಯ ಲಿಗಮೆಂಟ್ (ಮೂಳೆಗಳನ್ನು ಜೋಡಿಸೋ ಪಟ್ಟಿ) ಸ್ವಲ್ಪ ಹರಿದಿದೆ. ಗಂಟಿಗೆ ಆಧಾರವಾಗಿ ಕಟ್ಟಿಕೊಳ್ಳೋ ಬ್ರೇಸ್ ಕೊಟ್ಟರು. ಬಟ್ಟೆ ಸುತ್ತಿದ ಐಸ್ 15–20 ನಿಮಿಷ, ಕಾಲು ದಿಂಬಿನ ಮೇಲೆ. ಅತ್ತೆ ಎಣ್ಣೆ ಹಚ್ಚಿ ಉಳುಕು ತೆಗೆಸೋಣ ಅಂತ ಪಟ್ಟು ಹಿಡಿದಿದ್ದರು, ಡಾಕ್ಟರು ಖಡಾಖಂಡಿತವಾಗಿ ಬೇಡ ಅಂದರು.

ನೀಲಿ ಕಲೆ ಬೆರಳಿನವರೆಗೂ ಇಳಿದಾಗ ಗಾಬರಿಯಾಗಿತ್ತು. ರಕ್ತ ಸುಮ್ನೆ ಕೆಳಗೆ ಜಾರುತ್ತೆ, ಅಷ್ಟೇ ಅಂತೆ.

ಈಗ ಅಡುಗೆಮನೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲೋ ವ್ಯಾಯಾಮ ನಡೀತಿದೆ, ಸಾರು ಕುದಿಯುವಾಗಲೇ! ಇದನ್ನು ಬಿಟ್ಟರೆ ಮತ್ತೆ ಉಳುಕುವ ಸಾಧ್ಯತೆ ಜಾಸ್ತಿಯಂತೆ. ಸಂಜೆ ಇನ್ನೂ ಸ್ವಲ್ಪ ಊದುತ್ತೆ. ಬ್ರೇಸ್‌ಗೆ ಹಳೇ ಚಪ್ಪಲಿ ಹಿಡಿಸುತ್ತಿಲ್ಲ, ಪಟ್ಟಿ ಇರುವ ಸ್ಯಾಂಡಲ್ ತಂದಿದ್ದೇವೆ.