29 ವಾರಕ್ಕೆ ಹುಟ್ಟಿದ ಮಗು: ಐಕ್ಯೂ 96 ಇದ್ದರೂ ಲೆಕ್ಕದಲ್ಲಿ ಯಾಕೆ ತಡವರಿಕೆ?

ಕಿರುಹೆಜ್ಜೆ:
ಮಗುವಿಗೆ 7 ವರ್ಷ. ಹುಟ್ಟಿದ್ದು 29ನೇ ವಾರಕ್ಕೆ, ತೂಕ 1,150 ಗ್ರಾಂ. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಮಾಡಿದ ತಲೆಯ ಅಲ್ಟ್ರಾಸೌಂಡ್ ನಾರ್ಮಲ್, ಎರಡು ವರ್ಷದ ಬೆಳವಣಿಗೆ ಪರೀಕ್ಷೆಯೂ ನಾರ್ಮಲ್. ಈಗ ಐಕ್ಯೂ 96. ಮಾತು ಚುರುಕು, ಓದು ಪರವಾಗಿಲ್ಲ. ಲೆಕ್ಕ ಮಾತ್ರ ಮುಂದೆ ಹೋಗುವುದಿಲ್ಲ. ಮೂರು ಕೆಲಸ ಒಟ್ಟಿಗೆ ಹೇಳಿದರೆ ಮೊದಲನೆಯದು ಮುಗಿಸಿ ಸುಮ್ಮನೆ ನಿಲ್ಲುತ್ತದೆ. ಶಾಲೆಯಲ್ಲಿ "ಬುದ್ಧಿ ಇದೆ, ಸೋಮಾರಿತನ" ಅನ್ನುತ್ತಾರೆ. ಬೇಗ ಹುಟ್ಟಿದ್ದಕ್ಕೂ ಇದಕ್ಕೂ ಸಂಬಂಧ ಇದೆಯಾ? ನೆನಪಿನ ಶಕ್ತಿ ಹೆಚ್ಚಿಸುವ ಆ್ಯಪ್ ಹಾಕಿಕೊಟ್ಟರೆ ಸರಿಹೋಗುತ್ತಾ?

ನರಜಾಲ:
ಸಂಬಂಧ ಇರುವ ಸಾಧ್ಯತೆ ಹೆಚ್ಚು. ಅಲ್ಟ್ರಾಸೌಂಡ್ ನಾರ್ಮಲ್ ಅಂದರೆ ದೊಡ್ಡ ರಕ್ತಸ್ರಾವ ಇಲ್ಲ, ನೀರುಗುಳ್ಳೆಗಳಿಲ್ಲ ಎಂದಷ್ಟೇ ಅರ್ಥ. ಬಿಳಿದ್ರವ್ಯದಲ್ಲಿ, ಅಂದರೆ ಮಿದುಳಿನ ಭಾಗಗಳನ್ನು ಜೋಡಿಸುವ ನರತಂತುಗಳಲ್ಲಿ, ಹರಡಿಕೊಂಡ ಸಣ್ಣ ವ್ಯತ್ಯಾಸ ಅದರಲ್ಲಿ ಬಹುಪಾಲು ಕಾಣುವುದೇ ಇಲ್ಲ.

34ನೇ ವಾರದಲ್ಲೂ ಮಿದುಳಿನ ತೂಕ ಪೂರ್ಣಾವಧಿ ಶಿಶುವಿನದರ ಸುಮಾರು 65% ಮಾತ್ರ. ಉಳಿದ ಬೆಳವಣಿಗೆ, ಮಡಿಕೆ ಬೀಳುವುದು, ಥಾಲಮಸ್‌ನಿಂದ (ಮಿದುಳಿನ ಒಳಗಿನ ಸಂಕೇತ ಕೇಂದ್ರ) ಹೊರಪದರಕ್ಕೆ ಎಳೆಗಳು ಹೋಗಿ ಕೂಡುವುದು, ಇದರಲ್ಲಿ ಬಹಳಷ್ಟು ಈ ಮಗುವಿಗೆ ಹೊಟ್ಟೆಯ ಹೊರಗೆ ನಡೆದಿದೆ. ನರತಂತುಗಳಿಗೆ ಮಯಲಿನ್ ಹೊದಿಕೆ ಸುತ್ತಬೇಕಾದ ಜೀವಕೋಶಗಳು ಸುಮಾರು 23ರಿಂದ 32ನೇ ವಾರದವರೆಗೆ ಇನ್ನೂ ಎಳೆಯವು. ಆಮ್ಲಜನಕದ ಏರಿಳಿತ, ಸೋಂಕು, ಉರಿಯೂತ ಅವಕ್ಕೆ ತಾಗಿದರೆ ಎಲ್ಲವೂ ಸಾಯುವುದಿಲ್ಲ. ಸತ್ತವುಗಳ ಜಾಗಕ್ಕೆ ಹೊಸವೂ ಬರುತ್ತವೆ. ಆದರೆ ಬಲಿಯದೆ ಅಲ್ಲೇ ನಿಂತುಬಿಡುತ್ತವೆ. ತಂತಿ ಇದೆ, ಹೊದಿಕೆ ತೆಳು. ಸಂಕೇತ ತಲುಪುತ್ತದೆ, ತಡವಾಗಿ. ಹಾಗಾಗಿ ಒಂದೊಂದೇ ಕೆಲಸ ಕೊಟ್ಟಾಗ ಏನೂ ಗೊತ್ತಾಗುವುದಿಲ್ಲ, ಹೊರೆ ಹೆಚ್ಚಾದಾಗ ಬಯಲಿಗೆ ಬರುತ್ತದೆ. ಎರಡು ವರ್ಷದ ಪರೀಕ್ಷೆಯಲ್ಲಿ ಅಂಥ ಹೊರೆಯೇ ಇರುವುದಿಲ್ಲ.

32 ವಾರಕ್ಕಿಂತ ಮೊದಲು ಹುಟ್ಟಿದವರ ಐಕ್ಯೂ ಸರಾಸರಿ 11ರಿಂದ 13 ಅಂಕ ಕಡಿಮೆ ಎಂದು ಓದಿರುತ್ತೀರಿ. ಅದು ಗುಂಪಿನ ಮಾತು. ನಿಮ್ಮ ಮಗುವಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಅಂಕಪಟ್ಟಿ:
96 ಅನ್ನುವ ಒಂದೇ ಸಂಖ್ಯೆಯನ್ನು ಪಕ್ಕಕ್ಕಿಡಿ. ಪೂರ್ತಿ ವರದಿ ಕೇಳಿ ತೆಗೆದುಕೊಳ್ಳಿ. ಪರೀಕ್ಷೆ ವಿಸ್ಕ್ (ಮಕ್ಕಳ ಐಕ್ಯೂ ಪರೀಕ್ಷೆ) ಐದನೇ ಆವೃತ್ತಿಯಾದರೆ ಅದರಲ್ಲಿ ಐದು ಸೂಚ್ಯಂಕಗಳಿರುತ್ತವೆ. ಒಟ್ಟು ಐಕ್ಯೂ ಲೆಕ್ಕ ಹಾಕುವ ಏಳು ಉಪಪರೀಕ್ಷೆಗಳಲ್ಲಿ ವರ್ಕಿಂಗ್ ಮೆಮೊರಿಗೆ (ಕೆಲಸ ಮಾಡುತ್ತಲೇ ವಿಷಯ ತಲೆಯಲ್ಲಿ ಹಿಡಿದಿಡುವ ಶಕ್ತಿ) ಒಂದು, ಕೆಲಸದ ವೇಗಕ್ಕೆ ಒಂದು. ಉಳಿದ ಐದು ಮಾತು, ಆಕಾರ, ತರ್ಕದ್ದು. ಅಲ್ಲಿ ಗೆದ್ದ ಮಗು ಈ ಎರಡರಲ್ಲಿ ಮುಗ್ಗರಿಸಿದರೂ ಒಟ್ಟು ಅಂಕ ಪರವಾಗಿಲ್ಲ ಅನ್ನುವಷ್ಟು ಬರುತ್ತದೆ. ಮಾತಿನದು 108, ವೇಗದ್ದು 80 ಇದ್ದರೆ 96ಕ್ಕೆ ಅರ್ಥವೇ ಉಳಿಯುವುದಿಲ್ಲ.

47 + 38 ತೆಗೆದುಕೊಳ್ಳಿ. 7, 8 ಕೂಡಿ 15. ಐದು ಬರೆಯಬೇಕು, ದಶಕ 1 ತಲೆಯಲ್ಲಿ ಇಟ್ಟುಕೊಂಡೇ 4, 3 ಕೂಡಬೇಕು. ಕೈ ಐದನ್ನು ಬರೆಯುವಷ್ಟರಲ್ಲಿ ಆ ದಶಕ ಜಾರಿಹೋಗಿರುತ್ತದೆ. ಉತ್ತರ 75. ಮಗುವಿಗೆ ಕೂಡುವುದು ಬರುವುದಿಲ್ಲ ಎಂದು ಮತ್ತೆ ಇಪ್ಪತ್ತು ಲೆಕ್ಕ ಕೊಡುತ್ತಾರೆ, ತಪ್ಪು ಇನ್ನೂ ಹೆಚ್ಚುತ್ತದೆ. ದಶಕ ಬರೆಯಲು ಮೇಲೊಂದು ಚೌಕ ಹಾಕಿಕೊಡಿ. ಹಾಳೆಯಲ್ಲಿ ನಾಲ್ಕೇ ಲೆಕ್ಕ ಕಾಣಲಿ, ಮಿಕ್ಕದ್ದು ಮುಚ್ಚಿಡಿ. ಸೂಚನೆ ಒಂದು ಸಲಕ್ಕೆ ಒಂದೇ. ಹೇಳಿ ಹತ್ತು ಸೆಕೆಂಡ್ ಬಾಯಿ ಮುಚ್ಚಿಕೊಂಡಿರಿ. ನಡುವೆ ಮತ್ತೆ ಹೇಳಿದರೆ ಮಗು ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಆ್ಯಪ್ ವಿಷಯ: ಆಡಿದ ಆಟದಲ್ಲಿ ಅಂಕ ಏರುತ್ತದೆ, ತರಗತಿಯ ಲೆಕ್ಕಕ್ಕೆ ಅದು ದಾಟುವುದು ಅತಿ ಕಡಿಮೆ. ದುಡ್ಡು ಹಾಕಬೇಡಿ.

ಪೆನ್ಸಿಲ್‌ತುದಿ:
ಮೇಲಿನದಕ್ಕೆ ಒಂದು ತಕರಾರು. ವೇಗದ ಅಂಕ ಕಡಿಮೆ ಇದ್ದ ಮಾತ್ರಕ್ಕೆ ಯೋಚನೆ ನಿಧಾನ ಅನ್ನಬೇಡಿ. ವೇಗ ಅಳೆಯುವ ಕೋಡಿಂಗ್ ಉಪಪರೀಕ್ಷೆ (ಮಾದರಿ ನೋಡಿ ಚಿಹ್ನೆ ಬರೆಯುವುದು) ಪೆನ್ಸಿಲ್ಲಿನಲ್ಲಿ, ಗಡಿಯಾರದ ಮುಂದೆ ನಡೆಯುತ್ತದೆ. ಅವಧಿಗೆ ಮುನ್ನ ಹುಟ್ಟಿದವರಲ್ಲಿ ಕೈಚಲನೆಯ ಹೊಂದಾಣಿಕೆಯ ತೊಂದರೆ ಸಾಮಾನ್ಯಕ್ಕಿಂತ ಹೆಚ್ಚು. ಒಂದೇ ಮಟ್ಟದ ಹತ್ತು ಲೆಕ್ಕ ಬಾಯಲ್ಲಿ, ಹತ್ತು ಬರವಣಿಗೆಯಲ್ಲಿ ಮಾಡಿಸಿ ನೋಡಿ. ಬಾಯಲ್ಲಿ ಸಲೀಸು, ಬರೆಯುವಾಗ ಒದ್ದಾಟ ಅಂದರೆ ಆಕ್ಯುಪೇಷನಲ್ ಥೆರಪಿಸ್ಟ್ (ಬರವಣಿಗೆಯಂಥ ದಿನನಿತ್ಯದ ಕೈಕೆಲಸಗಳಿಗೆ ತರಬೇತಿ ಕೊಡುವವರು) ಹತ್ತಿರ ಹೋಗಿ.

ಕಣ್ಣು, ಕಿವಿ ಮತ್ತೊಮ್ಮೆ ಪರೀಕ್ಷಿಸಲೇಬೇಕು. ಕಣ್ಣಿನ ಚಾರ್ಟ್ ಸರಿಯಾಗಿ ಓದಿದರೂ, ಕಿಕ್ಕಿರಿದ ಪುಟದಲ್ಲಿ ಬೇಕಾದ ಸಾಲು ಹುಡುಕಲಾಗದ ಮಕ್ಕಳಿದ್ದಾರೆ; ಅಲ್ಲಿ ತೊಂದರೆ ಮಿದುಳಿನ ದೃಷ್ಟಿ ಭಾಗದ್ದು.

ಕಿರುಹೆಜ್ಜೆ:
ವರದಿ ಸಿಕ್ಕಿತು. ಮಾತು 106, ವರ್ಕಿಂಗ್ ಮೆಮೊರಿ 85, ವೇಗ 83. ತುಂಟತನ ಇಲ್ಲವೇ ಇಲ್ಲ, ಆದರೂ ಗಮನದ ಪರೀಕ್ಷೆ ಬೇಕಾ?

ನರಜಾಲ:
ಬೇಕು. ಬೇಗ ಹುಟ್ಟಿದ ಮಕ್ಕಳಲ್ಲಿ ಎಡಿಎಚ್‌ಡಿ (ಗಮನ ನಿಲ್ಲದ ತೊಂದರೆ) ಹೆಚ್ಚಾಗಿ ಗಲಾಟೆಯಿಲ್ಲದ ಬಗೆಯದು. ಕಿಟಕಿಯ ಆಚೆ ನೋಡುತ್ತಾ ಕೂರುತ್ತವೆ, ಯಾರಿಗೂ ತೊಂದರೆ ಕೊಡುವುದಿಲ್ಲ, ಅದಕ್ಕೇ ಯಾರೂ ಗಮನಿಸುವುದಿಲ್ಲ. ಪ್ರಶ್ನಾವಳಿಯನ್ನು ಮನೆಯವರು, ಶಿಕ್ಷಕರು ಬೇರೆಬೇರೆಯಾಗಿ ತುಂಬಲಿ. ಇನ್ನೊಂದು: ಹೆರಿಗೆಯ ನಿರೀಕ್ಷಿತ ದಿನಾಂಕ ಶಾಲಾ ದಾಖಲಾತಿಯ ಗಡುವಿನ ಆಚೆ ಬೀಳುತ್ತದಾ ನೋಡಿ. ಬಿದ್ದರೆ, ಹೊತ್ತಿಗೆ ಸರಿಯಾಗಿ ಹುಟ್ಟಿದ್ದರೆ ಮಗು ಒಂದು ತರಗತಿ ಕೆಳಗಿರುತ್ತಿತ್ತು. ಶಾಲೆಯವರ ಜೊತೆ ಮಾತಾಡುವಾಗ ಆ ದಿನಾಂಕವನ್ನೂ ವರದಿಯ ಜೊತೆ ಇಡಿ.