ಒಂದು ಕಾಯಿಗೆ ಎಷ್ಟು?

ತಮ್ಮಾ, ಗ್ರೂಪ್‌ನಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡ್ತಾ ಕೂತರೆ ಸಂಜೆ ಆಗುತ್ತದೆ, ಅದಕ್ಕೇ ಮಾತಾಡಿ ಕಳಿಸ್ತಿದ್ದೇನೆ. ಹಿಂದೆ ಹಮಾಲರ ಗದ್ದಲ ಇದೆ, ಇವತ್ತು ಬ್ಯಾಡಗಿ ಮಾರ್ಕೆಟ್‌ನಲ್ಲಿ ಮೆಣಸಿನಕಾಯಿ ಟೆಂಡರ್.

ಬಿಟ್‌ಕಾಯಿನ್ ತುಟ್ಟಿ, ನಮ್ಮಂಥವರಿಗಲ್ಲ. ಶಿಬಾ ಇನು ಅನ್ನೋ ಕ್ರಿಪ್ಟೋ ಕಾಯಿನ್ ಸೋವಿ, ಸಾವಿರ ರೂಪಾಯಿಗೆ ಲಕ್ಷಗಟ್ಟಲೆ ಬರುತ್ತವೆ, ಒಂದು ರೂಪಾಯಿ ಮುಟ್ಟಿದರೆ ಮನೆ ಸಾಲ ತೀರುತ್ತದೆ ಅಂತ ಬರೆದಿದ್ದೀಯ. ವೈನಿ ಅದರ ಕೆಳಗೆ ಕೈಮುಗಿದ ಇಮೋಜಿ ಬೇರೆ ಹಾಕಿದ್ದಾರೆ.

ನನ್ನ ಎದುರಿಗೆ ಈಗ ಡಬ್ಬಿ ಕಾಯಿಯ ರಾಶಿ ಇದೆ. ಒಂದು ಮೆಣಸಿನಕಾಯಿಗೆ ಎಷ್ಟು ಅಂತ ಯಾವ ಖರೀದಿದಾರನೂ ಕೇಳಲ್ಲ. ಕ್ವಿಂಟಲ್‌ಗೆ ಎಷ್ಟು, ಬಣ್ಣ ಹೇಗಿದೆ, ಹಸಿ ಇದೆಯಾ, ಇಷ್ಟೇ. ಸಣ್ಣ ಕಾಯಿ ಆದರೆ ಕಿಲೋಗೆ ಜಾಸ್ತಿ ಬರುತ್ತವೆ, ಹಾಗಂತ ಅದು ಸೋವಿ ಆಯ್ತಾ?

ನಿನ್ನ ಶಿಬಾ 2020ರಲ್ಲಿ ಶುರುವಾದಾಗ 1,000 ಲಕ್ಷ ಕೋಟಿ ಕಾಯಿನ್ ಇದ್ದವು. ಮರುವರ್ಷ, ಇಥೀರಿಯಂ ಅನ್ನೋ ಇನ್ನೊಂದು ಕ್ರಿಪ್ಟೋ ಕಟ್ಟಿದ ವಿಟಾಲಿಕ್ ಬುಟೆರಿನ್, ಶಿಬಾ ಮಾಡಿದವರು ತನಗೆ ಕಳಿಸಿದ್ದರಲ್ಲಿ 410 ಲಕ್ಷ ಕೋಟಿಯನ್ನು ಸುಟ್ಟೇಬಿಟ್ಟ, ಅಂದರೆ ಇನ್ಯಾರೂ ಬಳಸದ ಹಾಗೆ ಮಾಡಿದ. ಆದರೂ ಸುಮಾರು 589 ಲಕ್ಷ ಕೋಟಿ ಉಳಿದಿವೆ. ಒಂದಕ್ಕೆ ಒಂದು ರೂಪಾಯಿ ಆಗಬೇಕಾದರೆ ಎಲ್ಲಾ ಸೇರಿ 589 ಲಕ್ಷ ಕೋಟಿ ರೂಪಾಯಿ. ನಮ್ಮ ಇಡೀ ದೇಶದ ಜಿಡಿಪಿ 2024-25ರಲ್ಲಿ ಸುಮಾರು 330 ಲಕ್ಷ ಕೋಟಿ. ನಾಯಿ ಚಿತ್ರದ ಕಾಯಿನ್ನಿಗೆ ಅಷ್ಟು ದುಡ್ಡು ಎಲ್ಲಿಂದ ಬರಬೇಕು, ಹೇಳು?

ಇನ್ನು ಬಿಟ್‌ಕಾಯಿನ್. ಇಡೀದೇ ಕೊಳ್ಳಬೇಕು ಅಂತ ಯಾರು ಹೇಳಿದರು? ಒಂದನ್ನು 10 ಕೋಟಿ ಚೂರು ಮಾಡಬಹುದು, ಚೂರಿಗೆ ಸಾತೋಶಿ ಅಂತಾರೆ. ಒಂದು ಬಿಟ್‌ಕಾಯಿನ್‌ಗೆ ಕೋಟಿ ರೂಪಾಯಿ ಅಂತ ಹಿಡಿದರೂ ಒಂದು ಸಾತೋಶಿ ಹತ್ತೇ ಪೈಸೆ. ಆ್ಯಪ್‌ನಲ್ಲಿ ರೇಟನ್ನು ಸಾತೋಶಿಯಲ್ಲಿ ತೋರಿಸಿದ್ದರೆ ನೀನೇ ಸೋವಿ ಅಂತಿದ್ದೆ! ಅದನ್ನೇ ಕೊಳ್ಳು ಅಂತಲೂ ನಾನು ಹೇಳ್ತಿಲ್ಲ ಮತ್ತೆ. ಯಾವುದೇ ಆಗಲಿ, ಸಾವಿರ ಹಾಕಿ ಹತ್ತು ಪರ್ಸೆಂಟ್ ಏರಿದರೆ ಸಿಗೋದು ನೂರು. ಕೈಯಲ್ಲಿ ಎಷ್ಟು ಕಾಯಿನ್ ಇವೆ ಅನ್ನೋದರ ಮೇಲೆ ಅದು ಬದಲಾಗಲ್ಲ.

ನಿನ್ನನ್ನು ನೋಡಿ ನಗಲ್ಲ. 2007ರಲ್ಲಿ ನಾನೂ ಇದನ್ನೇ ಮಾಡಿದೆ. ಒಂದು ರೂಪಾಯಿ ಇಪ್ಪತ್ತು ಪೈಸೆಯ ಷೇರು, ಆರು ಸಾವಿರ ರೂಪಾಯಿ ಕೊಟ್ಟು ಐದು ಸಾವಿರ ಷೇರು ತಗೊಂಡೆ. ಅದೇ ಆರು ಸಾವಿರಕ್ಕೆ ಗೆಳೆಯನೊಬ್ಬ ದೊಡ್ಡ ಕಂಪನಿಯ ಆರೇ ಆರು ಷೇರು ತಗೊಂಡ, ನಾನು ಅವನನ್ನು ನೋಡಿ ನಕ್ಕೆ. ರಾತ್ರಿ ಊಟ ಮಾಡ್ತಾ ನನ್ನ ಹೆಂಡತಿ, ನಿಮ್ಮ ಕಾಕುಗೆ "ನಾವು ಐದು ಸಾವಿರ ಷೇರಿನ ಧಣಿ" ಅಂದಿದ್ದೆ. ಅವಳು ರೊಟ್ಟಿ ತಟ್ಟೋದು ನಿಲ್ಲಿಸಿ, "ಐದು ಸಾವಿರ ಅಂದರೆ ಎಷ್ಟು ರೂಪಾಯಿ?" ಅಂದಳು. ನನಗೆ ಸಿಟ್ಟು ಬಂತು. ಎರಡು ವರ್ಷಕ್ಕೆ ಆ ಕಂಪನಿಯ ವ್ಯವಹಾರವೇ ನಿಂತಿತು. ಐದು ಸಾವಿರ ಇನ್ನೂ ನನ್ನ ಹೆಸರಲ್ಲೇ ಇವೆ, ಒಂದೂ ಕಡಿಮೆ ಆಗಿಲ್ಲ.

ತೆರಿಗೆ ನೆನಪಿರಲಿ. 2022ರಿಂದ ಕ್ರಿಪ್ಟೋ ಲಾಭಕ್ಕೆ 30 ಪರ್ಸೆಂಟ್. ಒಂದು ಕಾಯಿನ್ನಿನಲ್ಲಿ ಆದ ಲುಕ್ಸಾನನ್ನು ಇನ್ನೊಂದರ ಲಾಭದಲ್ಲಿ ಕಳೆಯೋಕೂ ಬಿಡಲ್ಲ.

ಎಷ್ಟು ಹಾಕಿದ್ದೀಯ ಅಂತ ಗ್ರೂಪ್‌ನಲ್ಲಿ ಬರೀಬೇಡ, ನನಗೊಬ್ಬನಿಗೇ ಹೇಳು. ಕಾಯಿನ್ ಎಷ್ಟು ಅಂತಲ್ಲ, ರೂಪಾಯಿ ಎಷ್ಟು ಅಂತ. ತೂಕ ಶುರುವಾಯ್ತು, ಇಡ್ತೀನಿ.